ಮಹಮೂದ ಗಾವಾನನೂ ನಮ್ಮ ಕಲ್ಪಿತ ರಾಜ್ಯವೂ

ಯುರೋಪಿನ ಪುನರುಜ್ಜೀವನ ಕಾಲವೆಂದು ನಮ್ಮ ಇತಿಹಾಸದ ಪುಸ್ತಕಗಳು ಹೊಗಳುವ ಹದಿನೈದನೆಯ ಶತಮಾನದಲ್ಲಿ ನಮ್ಮ ಬೀದರ ಏನು ಮಾಡುತ್ತಿತ್ತೆಂದು ಕೇಳುವವರು ಕಡಿಮೆ. ಫ್ಲಾರೆನ್ಸಿನ ಮೆಡಿಚಿ ಮನೆತನ ಒಂದು ಪ್ರಶ್ನಪತ್ರಿಕೆಯಲ್ಲಿಯೂ ಬಹಮನಿ ಮನೆತನ ಇನ್ನೊಂದರಲ್ಲಿಯೂ ಬರುವುದರಿಂದ ಇವೆರಡೂ ಏಕಕಾಲದವು ಎಂಬ ಸಂಗತಿಯೇ ಮರೆತುಹೋಗುತ್ತದೆ. 1453ರಲ್ಲಿ ತುರ್ಕರ ಸುಲ್ತಾನನಾದ ಎರಡನೆಯ ಮಹಮ್ಮದನು ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದನೆಂಬುದನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಅದೇ ವರ್ಷ ಪರ್ಶಿಯಾ ದೇಶದ ಒಬ್ಬ ವ್ಯಾಪಾರಿಯು ಕೊಂಕಣದ ದಾಭೋಳ ಬಂದರಿನಲ್ಲಿ ಹಡಗಿನಿಂದಿಳಿದು ಬೀದರಿನ ದಾರಿ ಹಿಡಿದನು. ಮುಂದೆ ಆ ವ್ಯಾಪಾರಿಯೇ ಬಹಮನಿ ರಾಜ್ಯದ ಪರವಾಗಿ ಅದೇ ತುರ್ಕಿ ಸುಲ್ತಾನನೊಡನೆ ಪತ್ರವ್ಯವಹಾರ ನಡೆಸಿದನು. ಅವನೇ ಖ್ವಾಜಾ ಮಹಮೂದ ಗಾವಾನ.

ಅವನ ಜೀವನವನ್ನು ನಾನು ಪರೀಕ್ಷೆಗೆ ಬೇಕಾದುದಕ್ಕಿಂತ ಹೆಚ್ಚಾಗಿ ಓದಿದ್ದು ಒಂದು ಆಟದ ನಿಮಿತ್ತವಾಗಿ. ವಾಚಕರು ನಗಬಾರದು. ನಾವು ನಾಲ್ವರು ಗೆಳೆಯರು ರವಿವಾರ ಮಧ್ಯಾಹ್ನ ಕೂಡಿ ಪಾತ್ರವಹಿಸುವ ಆಟವೊಂದನ್ನು ಆಡುತ್ತೇವೆ. 1974ರಲ್ಲಿ ಅಮೇರಿಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಹೆಸರಿನಿಂದ ಅಚ್ಚಾಗಿ ಹೊರಬಂದ ಆಟದ ವಂಶದ್ದು ಇದು. ಒಬ್ಬನು ಸೂತ್ರಧಾರ, ಅವನು ಒಂದು ಕಲ್ಪಿತ ರಾಜ್ಯವನ್ನು ಕಟ್ಟಿಕೊಡುತ್ತಾನೆ. ಉಳಿದವರು ಅದರೊಳಗಿನ ಒಬ್ಬೊಬ್ಬ ಪಾತ್ರವಾಗಿ ತಮಗೆ ತೋಚಿದಂತೆ ಮಾತಾಡುತ್ತಾರೆ. ಸಂಶಯ ಬಂದಲ್ಲಿ ದಾಳ ಉರುಳಿಸುತ್ತಾರೆ. ಬರೆದಿಟ್ಟ ಪದ್ಯವಿಲ್ಲದ, ವೇಷವಿಲ್ಲದ ಬಯಲಾಟವೆಂದರೆ ಹಿರಿಯರಿಗೆ ತಿಳಿದೀತು. ಇಂಥ ರಾಜ್ಯಗಳನ್ನು ಕಟ್ಟುವವರು ವೆನಿಸ್, ಫ್ಲಾರೆನ್ಸ್ ನಗರಗಳ ಕಡೆಗೆ ನೋಡುವುದು ರೂಢಿ. ಸೂತ್ರಧಾರನಾದ ನಾನು ಅಷ್ಟೂರದವನು. ಬಹಮನಿ ಸುಲ್ತಾನರ ಗೋರಿಗಳ ನೆರಳಿನಲ್ಲಿ ದನ ಕಾಯ್ದು ಬೆಳೆದವನು. ನಾನೇಕೆ ವೆನಿಸಿಗೆ ಹೋಗಲಿ?

ರಾಜ್ಯ ಕಟ್ಟುವುದು ಸುಲಭವಾಗಿಯೇ ಸಾಗಿತು. ಕೆಂಪು ಜಂಬಿಟ್ಟಿಗೆಯ ಕೋಟೆ, ಪರ್ಶಿಯಾದ ಬಣ್ಣದ ಹೆಂಚುಗಳು, ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸುವ ಬಿದರಿ ಕುಶಲಿಗಳು ಎಲ್ಲವೂ ಕೈಗೆಟಕುವಷ್ಟು ಹತ್ತಿರದಲ್ಲಿದ್ದವು. ಆಟಕ್ಕೆ ನೆಲದೊಳಗಿನ ಸುರಂಗ ಬೇಕೇ ಬೇಕು. ಅದಕ್ಕೆ ನೌಬಾದಿನ ಕರೇಜ ಇತ್ತು. ನೆಲದಡಿಯಲ್ಲಿ ಕಲ್ಲು ಕೊರೆದು ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ಬಿಟ್ಟು ನೀರು ಹರಿಸಿದ ಆ ಕಾಲುವೆಗಿಂತ ಒಳ್ಳೆಯ ಗುಪ್ತಮಾರ್ಗವನ್ನು ನಾನು ಕಲ್ಪಿಸಿಕೊಳ್ಳಲಾರೆ. ತೊಡಕು ಬಂದದ್ದು ಮಂತ್ರಿಯ ಪಾತ್ರದಲ್ಲಿ. ಮಂತ್ರಿಯಿಲ್ಲದೆ ರಾಜ್ಯ ನಡೆಯದು. ಆದರೆ ನಾನು ಮಾದರಿಯಾಗಿ ತೆಗೆದುಕೊಂಡ ಮಂತ್ರಿಯ ಕೊನೆಯನ್ನು ಯಾವ ಆಟದ ನಿಯಮಕ್ಕೂ ಹೊಂದಿಸಲಾಗದೆ ಹೋಯಿತು. ಅದನ್ನು ಹೇಳುವ ಮೊದಲು ಅವನ ಚರಿತ್ರೆಯನ್ನು ಹೇಳಬೇಕು.

ಗಾವಾನನು ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ ಪ್ರಾಂತದಲ್ಲಿ 1411ರ ಸುಮಾರಿಗೆ ಹುಟ್ಟಿದನು. ಅವನ ಹಿರಿಯರು ಅಲ್ಲಿಯ ಅರಸರ ಬಳಿ ಮಂತ್ರಿಗಳಾಗಿದ್ದವರು. ಆಸ್ಥಾನದ ಒಳಸಂಚುಗಳಿಗೆ ಬೇಸತ್ತು ಅವನು ಊರು ಬಿಟ್ಟು ವ್ಯಾಪಾರಕ್ಕಿಳಿದನು. ದಾಭೋಳದಲ್ಲಿ ಇಳಿದಾಗ ಅವನಿಗೆ ನಲವತ್ತು ದಾಟಿತ್ತು. ಬೀದರಿನಲ್ಲಿದ್ದ ಶಹ ಮುಹಿಬ್ಬುಲ್ಲಾ ಎಂಬ ಸಂತನ ದರ್ಶನ ಪಡೆದು ದಿಲ್ಲಿಯತ್ತ ಹೋಗಬೇಕೆಂಬುದು ಅವನ ಸಂಕಲ್ಪವಾಗಿತ್ತು. ಆ ಸಂತನ ತಂದೆ ಖಲೀಲುಲ್ಲಾನ ಚೌಖಂಡಿಯ ಮುಂದೆಯೇ ನಾನು ದಿನವೂ ಅಷ್ಟೂರದಿಂದ ಕಾಲೇಜಿಗೆ ಬರುತ್ತೇನೆ. ದಿಲ್ಲಿಗೆ ಹೋಗಬೇಕೆಂದವನು ಬೀದರಿನಲ್ಲೇ ನಿಂತನು. ಎರಡನೆಯ ಅಲ್ಲಾವುದ್ದೀನ ಅಹಮದ ಸುಲ್ತಾನನು ಅವನ ಯೋಗ್ಯತೆಯನ್ನು ಗುರುತಿಸಿ ಸರದಾರನನ್ನಾಗಿ ಮಾಡಿ ನಲಗೊಂಡೆಯ ಬಂಡಾಯವನ್ನಡಗಿಸಲು ಕಳಿಸಿದನು. ಒಳಸಂಚಿಗೆ ಹೆದರಿ ಒಂದು ಆಸ್ಥಾನವನ್ನು ಬಿಟ್ಟವನು ಇನ್ನೊಂದು ಆಸ್ಥಾನವನ್ನು ಹೀಗೆ ಹೊಕ್ಕನು.

1458ರಲ್ಲಿ ಪಟ್ಟಕ್ಕೆ ಬಂದ ಹುಮಾಯೂನನ ಕ್ರೌರ್ಯದ ಕಥೆಗಳನ್ನು ನಮ್ಮೂರ ಹುಡುಗರೂ ಬಲ್ಲರು; ಸಿಡಿಲು ಬಡಿದು ಸೀಳಿದ ಅವನ ಗೋರಿಯ ಅರ್ಧ ಗುಮ್ಮಟ ಇಂದಿಗೂ ಹಾಗೆಯೇ ನಿಂತಿದೆ. ಅವನೇ ಗಾವಾನನಿಗೆ ಮಲಿಕ್-ಉತ್-ತುಜ್ಜಾರ, ಅಂದರೆ ವ್ಯಾಪಾರಿಗಳ ದೊರೆ, ಎಂಬ ಬಿರುದನ್ನಿತ್ತನು. 1461ರಲ್ಲಿ ಹುಮಾಯೂನನು ಸತ್ತಾಗ ಮಗ ನಿಜಾಮ ಶಹನು ಎಂಟು ವರ್ಷದ ಬಾಲಕ. ರಾಜಮಾತೆ, ಖ್ವಾಜಾ ಜಹಾನ ತುರ್ಕ, ಗಾವಾನ ಈ ಮೂವರು ಕೂಡಿ ರಾಜ್ಯ ನೋಡಿಕೊಂಡರು. ಬಾಲಕ ಅರಸನೆಂದು ಮಾಳವದ ಮಹಮೂದ ಖಿಲ್ಜಿ ಬೀದರಿನವರೆಗೂ ನುಗ್ಗಿ ಬಂದನು. ಗಾವಾನನು ಗುಜರಾತಿನ ಸುಲ್ತಾನನ ಸಹಾಯ ಬೇಡಿ ತಂದು ಅವನನ್ನು ಹಿಮ್ಮೆಟ್ಟಿಸಿದನು. 1463ರಲ್ಲಿ ನಿಜಾಮನೂ ತೀರಿಕೊಂಡನು. ಅವನ ತಮ್ಮ, ಒಂಬತ್ತು ಹತ್ತು ವರ್ಷದ ಮೂರನೆಯ ಮಹಮ್ಮದನು ಪಟ್ಟವೇರಿದನು. 1466ರಲ್ಲಿ ಖ್ವಾಜಾ ಜಹಾನನ ಕೊಲೆಯಾದ ಮೇಲೆ ರಾಜ್ಯದ ಪೂರ್ಣ ಭಾರ ಗಾವಾನನ ಮೇಲೆ ಬಿತ್ತು.

ಯುದ್ಧಗಳ ವಿಷಯವನ್ನು ಬೇಗನೆ ದಾಟುವೆನು. ಅರಬ್ಬೀ ಕುದುರೆಗಳು ಬಂದಿಳಿಯುವ ಬಂದರುಗಳು ಕೈಯಲ್ಲಿದ್ದವನಿಗೆ ದಖ್ಖಣದ ಬಲ ಎಂಬುದು ವ್ಯಾಪಾರಿಯಾದ ಅವನಿಗೆ ಚೆನ್ನಾಗಿ ತಿಳಿದಿತ್ತು. ಮೂರು ವರ್ಷ ಕೊಂಕಣದ ಘಟ್ಟಗಳಲ್ಲಿ ಹೋರಾಡಿ 1472ರ ಫೆಬ್ರುವರಿ 1ರಂದು ವಿಜಯನಗರದ ಕೈಯಿಂದ ಗೋವೆಯನ್ನು ಕಸಿದುಕೊಂಡನು. ಅನಂತರ ಬೆಳಗಾವಿಯ ಕೋಟೆಯ ಗೋಡೆಯಡಿಯಲ್ಲಿ ಸುರಂಗ ತೋಡಿ ಮದ್ದು ತುಂಬಿ ಸಿಡಿಸಲಾಯಿತು. ಅಂಥದನ್ನು ಆ ಸೀಮೆಯ ಜನ ಮೊದಲು ಕಂಡಿರಲಿಲ್ಲ. ಗಾವಾನನನ್ನು ಹೊಗಳುವವರು ಬೆಳಗಾವಿಯ ಒಳಗಿದ್ದವರ ಪಾಡನ್ನೂ ನೆನೆಯಬೇಕೆಂದು ನನಗೆ ಅನಿಸುತ್ತದೆ. ಅದೇ ಕಾಲಕ್ಕೆ ರಷ್ಯಾದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿಯು ಒಂದು ಕುದುರೆಯನ್ನು ಮಾರಲು ಬೀದರಿಗೆ ಬಂದಿದ್ದನು. ಸರದಾರರ ಐಶ್ವರ್ಯವನ್ನೂ ಹಳ್ಳಿಗಾಡಿನ ಜನರ ಬಡತನವನ್ನೂ ಅವನು ಒಂದೇ ಉಸಿರಿನಲ್ಲಿ ಬರೆದಿಟ್ಟಿದ್ದಾನೆ. ಆ ಬಡಜನ ನಮ್ಮ ಪೂರ್ವಜರೇ ಇರಬೇಕು.

ನನ್ನ ಮಟ್ಟಿಗೆ ಗಾವಾನನ ದೊಡ್ಡ ಕೆಲಸವೆಂದರೆ ರಾಜ್ಯದ ಕಟ್ಟಡವನ್ನು ಬಿಚ್ಚಿ ಪುನಃ ಜೋಡಿಸಿದ್ದು. ರಾಜ್ಯವು ನಾಲ್ಕು ತರಫುಗಳಾಗಿ ಹಂಚಿಹೋಗಿತ್ತು. ಒಬ್ಬೊಬ್ಬ ತರಫದಾರನೂ ಅರ್ಧ ಅರಸನೇ ಆಗಿದ್ದನು. ಗಾವಾನನು ನಾಲ್ಕನ್ನು ಎಂಟು ಮಾಡಿದನು. ತರಫದಾರನ ಕೈಯಲ್ಲಿ ಒಂದೇ ಕೋಟೆಯನ್ನು ಬಿಟ್ಟು ಉಳಿದವುಗಳಿಗೆ ಸುಲ್ತಾನನೇ ಕಿಲ್ಲೇದಾರರನ್ನು ನೇಮಿಸುವಂತೆ ಮಾಡಿದನು. ಭೂಮಿಯನ್ನು ಅಳೆಯಿಸಿ ಕಂದಾಯ ಗೊತ್ತುಮಾಡಿಸಿದನು. ಆಸ್ಥಾನದಲ್ಲಿ ಆಗ ಎರಡು ಪಂಗಡಗಳು: ಮೊದಲಿನಿಂದ ಇಲ್ಲಿ ನೆಲೆಸಿದ ದಖ್ಖನಿಗಳು, ಸಮುದ್ರದಾಚೆಯಿಂದ ಬಂದ ಪರದೇಶಿಗಳು. ಹಬಶಿಗಳು ಬಹುಮಟ್ಟಿಗೆ ದಖ್ಖನಿಗಳ ಕಡೆಗಿದ್ದರು. ತಾನು ಪರದೇಶಿಯಾಗಿದ್ದರೂ ಗಾವಾನನು ತರಫುಗಳನ್ನು ಎರಡೂ ಕಡೆಯವರಿಗೆ ಹಂಚಿದನು. ವಿಜಯನಗರದ ಕಡೆಯಿಂದ ಸೆರೆಯಾಗಿ ಬಂದು ಮತಾಂತರ ಹೊಂದಿದ ಕನ್ನಡ ಮೂಲದ ಫತೇವುಲ್ಲಾನಿಗೆ ಗಾವಿಲಗಡ ಸಿಕ್ಕಿತು. ದಖ್ಖನಿಗಳ ಮುಖಂಡನಾದ ಮಲಿಕ ಹಸನನಿಗೆ ರಾಜಮಹೇಂದ್ರಿ ಸಿಕ್ಕಿತು. ಆದರೆ ಮಲಿಕ ಹಸನನು ತನಗೆ ಸಿಕ್ಕ ಅರ್ಧವನ್ನು ಲೆಕ್ಕಿಸಲಿಲ್ಲ. ಕೈತಪ್ಪಿದ ಇನ್ನರ್ಧವನ್ನು ಮರೆಯಲೂ ಇಲ್ಲ.

ಇನ್ನು ಮದರಸೆ. 1472ರಲ್ಲಿ ಮುಗಿದ ಈ ಮೂರು ಅಂತಸ್ತಿನ ವಿದ್ಯಾಲಯವು 205 ಅಡಿ ಉದ್ದ, 180 ಅಡಿ ಅಗಲ. ಅದರಲ್ಲಿ ವಿದ್ಯಾರ್ಥಿಗಳಿಗೂ ಗುರುಗಳಿಗೂ ವಸತಿಯಿತ್ತು. ಪಾಠಶಾಲೆ, ಮಸೀದಿ, ಸುಮಾರು 3000 ಹಸ್ತಪ್ರತಿಗಳ ಗ್ರಂಥಾಲಯ ಇದ್ದವು. ಪರ್ಶಿಯಾದ ಮಹಾಕವಿ ಜಾಮಿಯೊಡನೆ ಗಾವಾನನಿಗೆ ಪತ್ರಸ್ನೇಹವಿತ್ತು. ಬೀದರಿಗೆ ಬರಬೇಕೆಂದು ಕರೆದರೂ ಕವಿ ಬರಲಿಲ್ಲ, ಪತ್ರಗಳು ಮಾತ್ರ ಬಂದವು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದಲೋ ಏನೋ, ಉಳಿದಿರುವ ಆ ಒಂದು ಮಿನಾರಿನ ಕೆಳಗೆ ನಿಂತಾಗ ಅದರ ಹೆಂಚಿನ ಬಣ್ಣಕ್ಕಿಂತ ಹೆಚ್ಚಾಗಿ ಒಳಗಿನ ಸಣ್ಣ ಕೋಣೆಗಳೇ ನನ್ನನ್ನು ಸೆಳೆಯುತ್ತವೆ. ದೂರದಿಂದ ಬಂದ ಯಾರೋ ಒಬ್ಬ ಹುಡುಗ ಅಲ್ಲಿ ದೀಪ ಹಚ್ಚಿಕೊಂಡು ಕುಳಿತಿದ್ದನಲ್ಲವೆ? ಹದಿನೇಳನೆಯ ಶತಮಾನದ ಕೊನೆಗೆ, ಔರಂಗಜೇಬನ ಆಳಿಕೆಯಲ್ಲಿ, ಅಲ್ಲಿ ಕೂಡಿಟ್ಟಿದ್ದ ಸಿಡಿಮದ್ದಿಗೆ ಬೆಂಕಿ ತಗುಲಿ ಮುಂಭಾಗದ ಬಹುಪಾಲು ಕುಸಿದುಬಿತ್ತು.

ಈಗ ಕೊನೆಯ ಪ್ರಸಂಗ. 1481ರಲ್ಲಿ ಸುಲ್ತಾನನು ಕಂಚಿಯವರೆಗೆ ದಂಡೆತ್ತಿ ಹೋಗಿ ಕೊಂಡಪಲ್ಲಿಗೆ ಬಂದಿದ್ದನು. ಗಾವಾನನ ಮೊಹರನ್ನು ಕಾಯುವ ಹಬಶಿ ಸೇವಕನಿಗೆ ವಿರೋಧಿಗಳು ಮದ್ಯ ಕುಡಿಸಿ, ಮಡಿಚಿದ ಖಾಲಿ ಕಾಗದವೊಂದರ ಮೇಲೆ ಮೊಹರು ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ ಒರಿಸ್ಸಾದ ಅರಸನನ್ನು ರಾಜ್ಯದ ಮೇಲೆ ಕರೆಯುವ ಪತ್ರವನ್ನು ಬರೆದು ಸುಲ್ತಾನನ ಮುಂದಿಟ್ಟರು. ಕುಡಿದಿದ್ದ ಸುಲ್ತಾನನು ಮಂತ್ರಿಗೆ ಹೇಳಿಕಳಿಸಿದನು. ಗುಜರಾತಿಗೆ ಓಡಿಹೋಗೆಂದು ಗೆಳೆಯರು ಅಂಗಲಾಚಿದರು, ಮುದುಕನು ಒಪ್ಪಲಿಲ್ಲ. ಮೊಹರು ತನ್ನದೆಂದೂ ಬರೆಹ ತನ್ನದಲ್ಲವೆಂದೂ ಹೇಳಿದನು. ಸುಲ್ತಾನನು ವಿಚಾರಣೆ ಮಾಡಲಿಲ್ಲ. ಏಪ್ರಿಲ್ 5ರಂದು, ಅಲ್ಲಿಯೇ, ಜೌಹರನೆಂಬ ಗುಲಾಮನ ಕತ್ತಿಗೆ ಗಾವಾನನು ಬಲಿಯಾದನು.

ನಾನು ಈ ಪ್ರಸಂಗವನ್ನು ನಮ್ಮ ಆಟದೊಳಗೆ ತಂದಾಗ ಭಾಲ್ಕಿಯ ಗೆಳೆಯನು ಮಂತ್ರಿಯಾಗಿದ್ದನು. ಮೊಹರು ಕಾಯುವವನನ್ನು ಕರೆಸಿರೆಂದು ಅವನು ಕೇಳಿದನು. ಔರಾದದ ಗೆಳೆಯನು ಪತ್ರ ಒಯ್ಯುತ್ತಿದ್ದವನೆಲ್ಲಿ ಎಂದನು. ಮೂರನೆಯವನು ಅಕ್ಷರಗಳನ್ನು ಹೋಲಿಸಿ ನೋಡಿರೆಂದನು. ದಾಳ ಉರುಳಿಸುವ ಅವಶ್ಯಕತೆಯೇ ಬೀಳಲಿಲ್ಲ. ಸುಲ್ತಾನನಾಗಿ ಮಾತಾಡುತ್ತಿದ್ದ ನನ್ನಲ್ಲಿ ಉತ್ತರವಿರಲಿಲ್ಲ. ಮೂವರು ವಿದ್ಯಾರ್ಥಿಗಳಿಗೆ ಅರೆಗಳಿಗೆಯಲ್ಲಿ ಹೊಳೆದ ಪ್ರಶ್ನೆಗಳು ಒಬ್ಬ ಅರಸನಿಗೆ ಹೇಗೆ ಹೊಳೆಯದೆ ಹೋದವು? ಕುಡಿತದ ಅಮಲೆಂದು ಚರಿತ್ರೆಕಾರರು ಹೇಳುತ್ತಾರೆ. ಅಷ್ಟರಿಂದಲೇ ನನಗೆ ಸಮಾಧಾನವಿಲ್ಲ. ಮಹಮ್ಮದನಿಗೆ ಆಗ ಇಪ್ಪತ್ತೇಳರ ಸುಮಾರು. ತಿಳಿವಳಿಕೆ ಬಂದಂದಿನಿಂದ ಎಲ್ಲ ಕಾರ್ಯದಲ್ಲಿಯೂ ಈ ಮುದುಕನ ಮುಖವನ್ನೇ ನೋಡಿ ನಡೆದವನು. ಆ ಪತ್ರವು ನಿಜವಾಗಿರಲೆಂದು ಅವನ ಮನಸ್ಸಿನ ಒಂದು ಮೂಲೆಯು ಬಯಸಿರಬೇಕೆಂಬುದು ನನ್ನ ಊಹೆ. ಇದಕ್ಕೆ ಆಧಾರ ಕೇಳಿದರೆ ನಮ್ಮ ಇತಿಹಾಸದ ಉಪನ್ಯಾಸಕರು ನನಗೆ ಅಂಕ ಕೊಡಲಾರರು.

ಇನ್ನೊಂದು ಮಾತು. ಖಾಲಿ ಕಾಗದದ ಮೇಲೆ ಬಿದ್ದ ಗುರುತು ಏನು ಮಾಡಬಲ್ಲುದೆಂದು ನಮ್ಮಂಥ ಮನೆಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಅಜ್ಜನು ಬೀಜದ ಸಾಲಕ್ಕೆಂದು ಬರೆಹವಿಲ್ಲದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಕೊಟ್ಟನು. ಎರಡು ವರ್ಷದ ಮೇಲೆ ಅದು ಹೊಲದ ಕ್ರಯಪತ್ರವಾಗಿ ತಿರುಗಿ ಬಂದಿತು. ಅಜ್ಜನಿಗೆ ಅಕ್ಷರ ಬರುತ್ತಿದ್ದರೆ ಹೊಲ ಉಳಿಯುತ್ತಿತ್ತೆಂದು ಹೇಳಿ ಅಪ್ಪ ನನ್ನನ್ನು ಶಾಲೆಗೆ ಹಾಕಿದನು. ಗಾವಾನನಿಗಾದರೋ ಅಕ್ಷರ ಬರುತ್ತಿತ್ತು. ಪತ್ರ ಬರೆಯುವ ಕಲೆಯನ್ನು ಕುರಿತೇ ಒಂದು ಗ್ರಂಥವನ್ನು ಬರೆದವನು ಅವನು. ಅವನ ಪತ್ರಗಳ ಸಂಗ್ರಹವಾದ ರಿಯಾಜ್-ಉಲ್-ಇನ್ಶಾ 1948ರಲ್ಲಿ ಹೈದರಾಬಾದಿನಲ್ಲಿ ಅಚ್ಚಾಗಿದೆ. ಅಪ್ಪನಿಗೆ ಈ ಕಥೆಯನ್ನು ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, ಆ ಮೊಹರು ಕಾಯುವವನಿಗೆ ಸಂಬಳ ಎಷ್ಟಿತ್ತೆಂದು ಕೇಳಿದನು.

ಗಾವಾನನ ಸಂಪತ್ತನ್ನೆಲ್ಲ ವಶಪಡಿಸಿಕೊಳ್ಳಲು ಹೊರಟ ಸುಲ್ತಾನನಿಗೆ ನಿರಾಶೆಯಾಯಿತು. ಮಂತ್ರಿಯು ಸರಕಾರದ ಹಣವನ್ನು ಬೇರೆ, ತನ್ನ ವ್ಯಾಪಾರದ ಹಣವನ್ನು ಬೇರೆ ಲೆಕ್ಕದಲ್ಲಿಟ್ಟಿದ್ದನೆಂದೂ, ವ್ಯಾಪಾರದ ಲಾಭದಲ್ಲಿ ತನ್ನ ಊಟಕ್ಕೆ ಅಲ್ಪವನ್ನು ತೆಗೆದಿಟ್ಟು ಉಳಿದುದನ್ನು ಬಡವರಿಗೆ ಹಂಚುತ್ತಿದ್ದನೆಂದೂ, ಪುಸ್ತಕಗಳು ವಿದ್ಯಾರ್ಥಿಗಳಿಗೆ ಸೇರಿದವೆಂದೂ ಖಜಾನೆಯವನು ತಿಳಿಸಿದನು. ಆಗ ಸುಲ್ತಾನನಿಗೆ ಮೋಸ ಗೊತ್ತಾಯಿತು. ಒಂದು ವರ್ಷ ತುಂಬುವುದರೊಳಗೆ, 1482ರ ಮಾರ್ಚಿನಲ್ಲಿ, ಅವನೂ ಸತ್ತನು. ಅಧಿಕಾರ ಹಿಡಿದ ಮಲಿಕ ಹಸನನು 1486ರಲ್ಲಿ ಬೀದರಿನಲ್ಲೇ ಕೊಲೆಯಾದನು. ಹಸನನ ಮಗ ಅಹಮದನಗರದಲ್ಲಿಯೂ, ಗಾವಾನನ ಆಶ್ರಯದಲ್ಲಿ ಬೆಳೆದ ಯೂಸುಫ ಆದಿಲನು ವಿಜಾಪುರದಲ್ಲಿಯೂ, ಫತೇವುಲ್ಲಾನು ವರ್ಹಾಡದಲ್ಲಿಯೂ ಸ್ವತಂತ್ರರಾದರು. ಮುಂದೆ ಗೋಳಕೊಂಡೆಯೂ ಬೇರೆಯಾಯಿತು. ಬೀದರ ಬರೀದಶಾಹಿಗಳ ಪಾಲಾಯಿತು.

ಮಹಮ್ಮದ ಸುಲ್ತಾನನ ಗೋರಿ ನಮ್ಮ ಅಷ್ಟೂರದಲ್ಲಿದೆ. ಗಾವಾನನದು ಅಲ್ಲಿಲ್ಲ, ಪಟ್ಟಣದ ದಕ್ಷಿಣಕ್ಕೆ ಗೋರನಳ್ಳಿಯ ಹತ್ತಿರ, ಒಂದು ಕಟ್ಟೆಯ ಮೇಲೆ, ಗುಮ್ಮಟವಿಲ್ಲದೆ ಬಯಲಿನಲ್ಲಿದೆ.