ಪುಟ್ಟಣ್ಣ ಕಣಗಾಲ್: ಹರೆಯದ ತಲ್ಲಣ ಮತ್ತು ಚಲನಚಿತ್ರ

ಯುವ ಪ್ರೇಕ್ಷಕರನ್ನು ಚಿತ್ರಮಂದಿರಕ್ಕೆ ಸೆಳೆಯಲು ಹಾಡು, ಹೊಡೆದಾಟ, ಹೊಸ ಮುಖಗಳಿದ್ದರೆ ಸಾಕೆಂಬ ನಂಬಿಕೆ ಚಿತ್ರೋದ್ಯಮದಲ್ಲಿ ಹಳೆಯದು. ಕನ್ನಡದ ಮಟ್ಟಿಗೆ ಈ ನಂಬಿಕೆಯನ್ನು ಬಳಸಿಕೊಂಡೇ ಮೀರಿದವರು ನಿರ್ದೇಶಕ ಪುಟ್ಟಣ್ಣ ಕಣಗಾಲ್. ಹರೆಯದವರ ಮನಸ್ಸನ್ನು ರಂಜನೆಯ ಸರಕಾಗಿ ಮಾತ್ರ ನೋಡದೆ, ಕುಟುಂಬ, ಗುರು, ಜಾತಿ, ಧರ್ಮಗಳೊಡನೆ ಅದು ನಡೆಸುವ ಸಂಘರ್ಷದ ನೆಲೆಯಾಗಿ ಅವರು ಕಂಡರು. ಅವರ ಬದುಕು ಮತ್ತು ಕೃತಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಪುಟ್ಟಣ್ಣನವರು ಜನಿಸಿದ್ದು 1933ರಲ್ಲಿ, ಮೈಸೂರು ಸೀಮೆಯ ಕಣಗಾಲಿನಲ್ಲಿ. ಬಡತನದ ನಡುವೆ ಸಣ್ಣಪುಟ್ಟ ಕೆಲಸಗಳನ್ನು ಮಾಡುತ್ತ ಬೆಳೆದ ಅವರು ರಂಗಭೂಮಿಯ ಒಡನಾಟದಿಂದ ಚಿತ್ರರಂಗಕ್ಕೆ ಬಂದು, ಬಿ.ಆರ್. ಪಂತುಲು ಅವರ ಬಳಿ ಸಹಾಯಕರಾದರು. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನು 1964ರಲ್ಲಿ ಮಲಯಾಳಂ ಭಾಷೆಯಲ್ಲಿ ನಿರ್ದೇಶಿಸುವುದರೊಂದಿಗೆ ಅವರು ಸ್ವತಂತ್ರ ನಿರ್ದೇಶಕರಾದರು. ಮೇಷ್ಟ್ರು ಮತ್ತು ಶಿಷ್ಯರ ಸಂಬಂಧ ಮುಂದೆ ಅವರ ಮಹತ್ವದ ಚಿತ್ರವೊಂದರ ಕೇಂದ್ರವಾದುದನ್ನು ನೆನೆದರೆ, ಈ ಆರಂಭ ಅರ್ಥಪೂರ್ಣವೆನಿಸುತ್ತದೆ.

ತ್ರಿವೇಣಿಯವರ ಕಾದಂಬರಿಯನ್ನಾಧರಿಸಿದ ‘ಬೆಳ್ಳಿಮೋಡ’ (1967) ಅವರ ಮೊದಲ ಕನ್ನಡ ಚಿತ್ರ. ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’, ತ್ರಿವೇಣಿಯವರ ‘ಶರಪಂಜರ’ ಅನಂತರ ತೆರೆಗೆ ಬಂದವು. ಕಾದಂಬರಿಯ ಓದುಗವರ್ಗವನ್ನು ಪ್ರೇಕ್ಷಕವರ್ಗವಾಗಿ ಪರಿವರ್ತಿಸಿದ ಈ ಚಿತ್ರಗಳಲ್ಲಿ ತರುಣಿಯ ಅಂತರಂಗವೇ ಕಥಾವಸ್ತು.

1972ರ ‘ನಾಗರಹಾವು’ ಈ ಆಸಕ್ತಿಯನ್ನು ತರುಣನ ಕಡೆಗೆ ತಿರುಗಿಸಿತು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕಥೆಯಾಗಿ ಹೆಣೆಯಲಾಯಿತು. ರಾಮಾಚಾರಿಯ ಪಾತ್ರಕ್ಕೆ ಇಪ್ಪತ್ತೆರಡರ ವಿಷ್ಣುವರ್ಧನ್, ಜಲೀಲನ ಪಾತ್ರಕ್ಕೆ ಇಪ್ಪತ್ತರ ಅಂಬರೀಶ್ ಆಯ್ಕೆಯಾದರು. ಪಾತ್ರದ ವಯಸ್ಸು ಮತ್ತು ನಟನ ವಯಸ್ಸು ಹತ್ತಿರವಾದುದರಿಂದ ತರುಣ ಪ್ರೇಕ್ಷಕನಿಗೆ ತೆರೆಯ ಮೇಲೆ ತನ್ನ ಓರಗೆಯವನೇ ಕಂಡನು. ಚಿತ್ರದುರ್ಗದ ಬಂಡೆ, ಬತೇರಿಗಳು ನಾಯಕನ ಒರಟುತನಕ್ಕೆ ಪ್ರತಿಮೆಗಳಾದವು. ನಿಧಾನಗತಿಯಲ್ಲಿ ಚಿತ್ರಿಸಿದ ಪ್ರೇಮಗೀತೆ ನೋಟಕ್ಕೆ ಹೊಸತನ ತಂದಿತು.

ಆದರೆ ಚಿತ್ರದ ಆಕರ್ಷಣೆ ಇಷ್ಟಕ್ಕೇ ನಿಲ್ಲುವುದಿಲ್ಲ. ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅಲಮೇಲುವನ್ನು ಬಿಟ್ಟುಕೊಡುವ ರಾಮಾಚಾರಿ, ಅವಳ ಬದುಕು ಹಾಳಾದುದನ್ನು ಕಂಡ ಮೇಲೆ ಮಾರ್ಗರೆಟ್‌ಳ ವಿಷಯದಲ್ಲಿ ಅದೇ ಮಾತನ್ನು ಒಪ್ಪಲಾರ. ವಾತ್ಸಲ್ಯವೇ ಬಂಧನವಾಗುವ ಈ ಬಿಕ್ಕಟ್ಟಿನಲ್ಲಿ ಗುರುವೂ ಶಿಷ್ಯನೂ ಅಳಿಯುತ್ತಾರೆ. ಹಿರಿಯರನ್ನು ಖಳರನ್ನಾಗಿಸದೆ ಕಿರಿಯರ ಪಕ್ಷ ವಹಿಸಿದ್ದು ಇಲ್ಲಿನ ಹೆಚ್ಚುಗಾರಿಕೆ. ರೂಪಾಂತರ ಕಾದಂಬರಿಕಾರರಿಗೆ ತೃಪ್ತಿ ತರಲಿಲ್ಲವೆಂಬುದೂ ಗಮನಾರ್ಹ: ಪ್ರೇಕ್ಷಕ ಮೆಚ್ಚಿದ ತೀವ್ರತೆ ಮೂಲದ ಸೂಕ್ಷ್ಮತೆಗೆ ಪರ್ಯಾಯವೇ ಎಂಬ ಪ್ರಶ್ನೆ ಅಲ್ಲಿ ಉಳಿಯುತ್ತದೆ.

1974ರಲ್ಲಿ ಪುಟ್ಟಣ್ಣನವರೇ ಈ ಕಥೆಯನ್ನು ಹಿಂದಿಯಲ್ಲಿ ‘ಜೆಹ್ರೀಲಾ ಇನ್ಸಾನ್’ ಎಂದು ನಿರ್ದೇಶಿಸಿದರು. ‘ಬಾಬಿ’ಯ ಮೂಲಕ ಆಗಷ್ಟೇ ಯುವಜನರ ಕಣ್ಮಣಿಯಾಗಿದ್ದ ರಿಷಿ ಕಪೂರ್ ನಾಯಕರಾಗಿದ್ದರೂ ಚಿತ್ರ ಗೆಲ್ಲಲಿಲ್ಲ. ತಾರುಣ್ಯದ ಮುಖವೊಂದರಿಂದಲೇ ತರುಣರ ಮನಸ್ಸು ಒಲಿಯದೆಂಬುದಕ್ಕೆ ಇದು ಸಾಕ್ಷಿ.

ರಾಮಾಚಾರಿಯ ಬಂಡಾಯ ಒಂಟಿಯಾದುದು. ಅದಕ್ಕೆ ಸಾವಿನ ಹೊರತು ದಾರಿಯಿಲ್ಲ. ‘ಪಡುವಾರಳ್ಳಿ ಪಾಂಡವರು’ (1978) ಈ ಮಿತಿಯನ್ನು ದಾಟಲು ಯತ್ನಿಸುತ್ತದೆ. ಊರಿನ ಧಣಿಯ ದಬ್ಬಾಳಿಕೆಯನ್ನು ಐವರು ಯುವಕರು ಒಟ್ಟಾಗಿ ಎದುರಿಸುವಾಗ ಹರೆಯದ ಸಿಟ್ಟು ಸಾಮಾಜಿಕ ರೂಪ ಪಡೆಯುತ್ತದೆ. ‘ರಂಗನಾಯಕಿ’ (1981), ‘ಮಾನಸ ಸರೋವರ’ (1982) ಚಿತ್ರಗಳಲ್ಲಿ ಅವರು ಮತ್ತೆ ಅಂತರಂಗದ ಕ್ಷೋಭೆಗೆ ಮರಳಿದರು. 1985ರ ಜೂನ್‌ನಲ್ಲಿ ನಿಧನರಾದಾಗ ‘ಮಸಣದ ಹೂವು’ ಅಪೂರ್ಣವಾಗಿತ್ತು, ಕೆ.ಎಸ್.ಎಲ್. ಸ್ವಾಮಿ ಅದನ್ನು ಪೂರ್ಣಗೊಳಿಸಿದರು.

2018ರಲ್ಲಿ ‘ನಾಗರಹಾವು’ ಡಿಜಿಟಲ್ ರೂಪದಲ್ಲಿ ಮರುಬಿಡುಗಡೆಯಾಯಿತು. ನಾಲ್ಕೂವರೆ ದಶಕಗಳ ಅನಂತರವೂ ಅದು ತೆರೆಗೆ ಮರಳಿದುದಕ್ಕೆ ನಟರ ಜನಪ್ರಿಯತೆಯೊಂದೇ ಕಾರಣವಲ್ಲ. ಪ್ರೀತಿಸುವ ಹಿರಿಯರ ಮಾತನ್ನು ಎಲ್ಲಿಯವರೆಗೆ ನಡೆಸಬೇಕೆಂಬ ಪ್ರಶ್ನೆ ಪ್ರತಿ ತಲೆಮಾರಿಗೂ ಹೊಸದಾಗಿಯೇ ಎದುರಾಗುತ್ತದೆ.