ನಾನು ನಕ್ಕಿದ್ದು ಯಾರನ್ನು ನೋಡಿ?

ಚಡಚಣದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದೆ. ಜೀವವಿಕಾಸದ ಪಾಠ. ಪಕ್ಕದಲ್ಲೇ ಕೂತಿದ್ದ ಅಜ್ಜ ಕೇಳಿಸಿಕೊಂಡು, ಮನುಷ್ಯನನ್ನು ದೇವರು ಮನುಷ್ಯನಾಗಿಯೇ ಮಾಡಿದ, ಮಂಗ್ಯಾನಿಂದ ಯಾರೂ ಹುಟ್ಟಿಲ್ಲ ಎಂದ. ನಾನು ಜೋರಾಗಿ ನಕ್ಕೆ. ಸಾಲದ್ದಕ್ಕೆ ಸಂಜೆ ಗೆಳೆಯರ ಮುಂದೆ ಅಜ್ಜನ ಮಾತನ್ನು ಅಣಕಿಸಿಯೂ ತೋರಿಸಿದೆ. ಅದು ಹೇಗೋ ಅಜ್ಜನ ಕಿವಿಗೆ ಬಿತ್ತು. ಅಂದಿನಿಂದ ನಾನು ಓದುವಾಗ ಅಜ್ಜ ಕಟ್ಟೆಗೆ ಬರುವುದನ್ನೇ ಬಿಟ್ಟ.

ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಎಂಬ ಹೆಸರು ನನಗೆ ಸಿಕ್ಕಿದ್ದು ಆ ದಿನಗಳಲ್ಲೇ. ಜೀವಿಗಳನ್ನೆಲ್ಲ ದೇವರೇ ಸೃಷ್ಟಿಸಿದ, ಶಾಲೆಯಲ್ಲಿ ವಿಕಾಸವಾದ ಕಲಿಸಬಾರದು ಎಂದು ಅಮೆರಿಕದಲ್ಲಿ ಚಳವಳಿ ನಡೆಸಿದವನು. ನಗಲು ಇನ್ನೊಬ್ಬ ಸಿಕ್ಕ ಎಂದುಕೊಂಡೇ ಅವನ ಬದುಕಿನ ಕಥೆ ಓದತೊಡಗಿದೆ.

ಬ್ರಯಾನ್ 1860ರಲ್ಲಿ ಇಲಿನಾಯ್ ರಾಜ್ಯದ ಸೇಲಂ ಎಂಬ ಸಣ್ಣ ಊರಲ್ಲಿ ಹುಟ್ಟಿದ. ವಕೀಲನಾಗಿ, ರೈತರ ನಾಡಾದ ನೆಬ್ರಾಸ್ಕದಲ್ಲಿ ನೆಲೆಸಿದ. ಆಗ ಅಮೆರಿಕದ ಹಣಕ್ಕೆ ಚಿನ್ನವೇ ಆಧಾರ. ಚಲಾವಣೆಯ ಹಣ ಸಾಲದೆ ಬೆಳೆಯ ದರ ಇಳಿಯುತ್ತಲೇ ಇತ್ತು, ರೈತನ ಸಾಲ ಮಾತ್ರ ಇದ್ದಷ್ಟೇ ಇರುತ್ತಿತ್ತು. ಲಿಂಬೆಯ ದರ ಬಿದ್ದ ವರ್ಷ ಇಂಡಿ ಭಾಗದ ರೈತರ ಮನೆಯಲ್ಲಿ ಏನಾಗುತ್ತದೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳ್ಳಿಯ ನಾಣ್ಯವನ್ನೂ ಧಾರಾಳವಾಗಿ ಚಲಾವಣೆಗೆ ತಂದು ರೈತನ ಹೊರೆ ಇಳಿಸಿ ಎಂದು ಬ್ರಯಾನ್ ವಾದಿಸಿದ. 1896ರಲ್ಲಿ ಷಿಕಾಗೊದ ಪಕ್ಷದ ಸಮಾವೇಶದಲ್ಲಿ ಮಾಡಿದ ಒಂದು ಭಾಷಣದಿಂದ, 36ನೇ ವಯಸ್ಸಿಗೇ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾದ. ರೈಲಿನಲ್ಲಿ ಸುಮಾರು 18,000 ಮೈಲಿ ತಿರುಗಿ ಪ್ರಚಾರ ಮಾಡಿ ಸೋತ. 1900 ಮತ್ತು 1908ರಲ್ಲಿ ಮತ್ತೆ ನಿಂತು ಮತ್ತೆ ಸೋತ.

ಆದರೆ ಅವನ ಬೇಡಿಕೆಗಳು ಸೋಲಲಿಲ್ಲ. ಆದಾಯ ತೆರಿಗೆ, ಸೆನೆಟರ್‌ಗಳ ನೇರ ಚುನಾವಣೆ, ಮಹಿಳೆಯರ ಮತದಾನದ ಹಕ್ಕು ಇವೆಲ್ಲ 1920ರ ಹೊತ್ತಿಗೆ ಅಮೆರಿಕದ ಸಂವಿಧಾನ ಸೇರಿದವು. 1905-06ರ ಪ್ರಪಂಚ ಪ್ರವಾಸದಲ್ಲಿ ಭಾರತಕ್ಕೂ ಬಂದಿದ್ದ ಬ್ರಯಾನ್, ಇಲ್ಲಿನ ಬ್ರಿಟಿಷ್ ಆಡಳಿತವನ್ನು ಕಟುವಾಗಿ ಟೀಕಿಸಿ ಬರೆದ. 1913ರಲ್ಲಿ ವಿದೇಶಾಂಗ ಸಚಿವನಾದ. ದೇಶ ಯುದ್ಧದತ್ತ ಜಾರುತ್ತಿದೆ ಎನಿಸಿದಾಗ, 1915ರಲ್ಲಿ ಹುದ್ದೆಯನ್ನೇ ಬಿಟ್ಟು ಹೊರಬಂದ.

ಇಂಥವನು ಡಾರ್ವಿನ್ ವಿರುದ್ಧ ಏಕೆ ನಿಂತ? ಬೈಬಲ್ ಮೇಲಿನ ನಂಬಿಕೆ ಒಂದು ಕಾರಣ. ಇನ್ನೊಂದು ಕಾರಣ ಮೊದಲ ಮಹಾಯುದ್ಧ. ಬಲವಿದ್ದವನು ಬಲವಿಲ್ಲದವನನ್ನು ತುಳಿಯುವುದೇ ಪ್ರಕೃತಿಯ ನಿಯಮ ಎಂದು ಜರ್ಮನಿಯ ಸೇನಾಧಿಕಾರಿಗಳು ವಿಕಾಸವಾದದ ಹೆಸರಲ್ಲಿ ಯುದ್ಧವನ್ನು ಸಮರ್ಥಿಸಿಕೊಳ್ಳುತ್ತಿದ್ದ ಸಂಗತಿ ಅವನನ್ನು ಕಲಕಿತು. ಜೀವನವಿಡೀ ಬಡವರ ಪರ ನಿಂತವನಿಗೆ ಇದು ಸಹಿಸದ ಮಾತು. ಮುಂದೆ ಮೊಕದ್ದಮೆಗೆ ಸಿಕ್ಕಿದ ಜೀವಶಾಸ್ತ್ರದ ಪಠ್ಯಪುಸ್ತಕದಲ್ಲೂ ವಿಕಾಸದ ಪಾಠದ ಜತೆಗೇ ಜನಾಂಗಗಳನ್ನು ಮೇಲು ಕೀಳೆಂದು ಅಳೆಯುವ ಮಾತುಗಳಿದ್ದವು.

ಭಯಕ್ಕೆ ಕಾರಣವಿತ್ತು, ತೀರ್ಮಾನ ತಪ್ಪಾಗಿತ್ತು. ಜೀವಿಗಳು ಹೇಗೆ ಬದಲಾದವು ಎಂದು ವಿಜ್ಞಾನ ಹೇಳುತ್ತದೆ. ಮನುಷ್ಯ ಮನುಷ್ಯನೊಡನೆ ಹೇಗಿರಬೇಕೆಂಬುದು ಬೇರೆ ಪ್ರಶ್ನೆ. ಬ್ರಯಾನ್ ಎರಡನ್ನೂ ಒಂದೇ ಗಂಟು ಕಟ್ಟಿದ. ಅವನ ನ್ಯಾಯಪ್ರಜ್ಞೆಗೂ ಮಿತಿಯಿತ್ತು. 1924ರ ಪಕ್ಷದ ಸಮಾವೇಶದಲ್ಲಿ ಕು ಕ್ಲಕ್ಸ್ ಕ್ಲಾನ್ ಸಂಘಟನೆಯನ್ನು ಹೆಸರೆತ್ತಿ ಖಂಡಿಸುವುದನ್ನು ಅವನೇ ವಿರೋಧಿಸಿದ್ದ.

1925ರಲ್ಲಿ ಟೆನೆಸೀ ರಾಜ್ಯ ವಿಕಾಸವಾದದ ಪಾಠಕ್ಕೆ ನಿಷೇಧ ಹಾಕಿತು. ಡೇಟನ್ ಊರಿನ 24 ವರ್ಷದ ಶಿಕ್ಷಕ ಜಾನ್ ಸ್ಕೋಪ್ಸ್ ಮೇಲೆ ಮೊಕದ್ದಮೆ ನಡೆಯಿತು. ಸರ್ಕಾರದ ಪರ ಬ್ರಯಾನ್, ಶಿಕ್ಷಕನ ಪರ ಕ್ಲಾರೆನ್ಸ್ ಡ್ಯಾರೊ. 1896ರ ಚುನಾವಣೆಯಲ್ಲಿ ಇದೇ ಡ್ಯಾರೊ ಬ್ರಯಾನ್ ಪರ ಪ್ರಚಾರ ಮಾಡಿದ್ದರು! ಜುಲೈ 20ರಂದು ನ್ಯಾಯಾಲಯದ ಅಂಗಳದಲ್ಲಿ, ಸಾವಿರಾರು ಜನರೆದುರು, ಡ್ಯಾರೊ ಬ್ರಯಾನ್‌ನನ್ನೇ ಸಾಕ್ಷಿಯಾಗಿ ಕೂರಿಸಿ ಬೈಬಲ್ ಕಥೆಗಳ ಮೇಲೆ ಪ್ರಶ್ನೆಗಳ ಮಳೆಗರೆದರು. ಬ್ರಯಾನ್ ತಡವರಿಸಿದ, ಜನ ನಕ್ಕರು. ಮರುದಿನ ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು. ಐದು ದಿನ ಕಳೆದ ಮೇಲೆ, ಜುಲೈ 26ರ ಭಾನುವಾರ ಮಧ್ಯಾಹ್ನ, ಅದೇ ಊರಲ್ಲಿ ಮಲಗಿದ್ದ ಬ್ರಯಾನ್ ಮತ್ತೆ ಏಳಲಿಲ್ಲ.

ಅಂದಿನ ಪತ್ರಿಕೆಗಳು, 1955ರ ಒಂದು ನಾಟಕ, 1960ರ ಒಂದು ಸಿನಿಮಾ ಸೇರಿ ಬ್ರಯಾನ್‌ನ ಆ ಒಂದು ಮಧ್ಯಾಹ್ನವನ್ನಷ್ಟೇ ಉಳಿಸಿಕೊಂಡವು. ಒಂದು ಕಡೆಯವರಿಗೆ ಆತ ಧರ್ಮವೀರ, ಇನ್ನೊಂದು ಕಡೆಯವರಿಗೆ ಕೋಡಂಗಿ. ಇಷ್ಟೆಲ್ಲ ನಕ್ಕರೂ ಟೆನೆಸೀಯ ಕಾನೂನು ಬಿದ್ದುಹೋಯಿತೇ? ಅದು ರದ್ದಾಗಿದ್ದು 1967ರಲ್ಲಿ, 42 ವರ್ಷಗಳ ನಂತರ. ಅಷ್ಟೂ ಕಾಲ ಅಲ್ಲಿನ ಮಕ್ಕಳಿಗೆ ಆ ಪಾಠ ಕಲಿಸುವುದು ಕಾನೂನಿಗೆ ವಿರುದ್ಧವಾಗಿಯೇ ಉಳಿಯಿತು.

ಇದನ್ನು ಓದಿದಾಗ ನನಗೆ 2018ರ ಜನವರಿ ನೆನಪಾಯಿತು. ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಡಾರ್ವಿನ್ ವಾದವೇ ತಪ್ಪೆಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿದಂತೆ ದೇಶದ ಮೂರು ಅಕಾಡೆಮಿಗಳು ಆ ಮಾತಿಗೆ ಆಧಾರವಿಲ್ಲ ಎಂದು ಸ್ಪಷ್ಟವಾಗಿ ಉತ್ತರಿಸಿದವು. ನಾನು ಆ ಉತ್ತರ ಓದಿರಲಿಲ್ಲ, ಮೊಬೈಲಿಗೆ ಬಂದ ಜೋಕುಗಳನ್ನು ಮಾತ್ರ ಹತ್ತು ಜನರಿಗೆ ಕಳಿಸಿದ್ದೆ. 2023ರಲ್ಲಿ ಎನ್‌ಸಿಇಆರ್‌ಟಿ, ಹೊರೆ ಇಳಿಸುವ ಕಾರಣ ಕೊಟ್ಟು, ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದಾಗ, ಆ ಪಾಠ ಏಕೆ ಬೇಕೆಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ. ನಾಳೆ ಮಾಸ್ತರನಾಗಬೇಕೆಂದಿರುವವನ ಸ್ಥಿತಿ ಇದು.

ಕೊನೆಗೆ ಒಂದು ದಿನ ಅಜ್ಜನ ಬಳಿ ನಾನೇ ಹೋಗಿ ಕೂತೆ. ಬಿತ್ತನೆಗೆ ಬಿಳಿಜೋಳದ ಯಾವ ತೆನೆ ಎತ್ತಿಡುತ್ತಿದ್ದೆ ಎಂದು ಕೇಳಿದೆ. ತುಂಬಿದ ತೆನೆ, ಗಟ್ಟಿ ಕಾಳು, ನೀರಿನ ಬರ ತಡೆದುಕೊಂಡದ್ದು ಎಂದ. ಹಾಗೆ ಆರಿಸುತ್ತ ಹೋದರೆ ತಲೆಮಾರುಗಳಲ್ಲಿ ಬೆಳೆಯೇ ಬದಲಾಗುವುದಲ್ಲವೇ ಎಂದೆ. ಹೌದೆಂದ. ಡಾರ್ವಿನ್ ಕೂಡ ತನ್ನ ಪುಸ್ತಕವನ್ನು ಇಂಥ ರೈತರ ಆಯ್ಕೆಯಿಂದಲೇ ಶುರು ಮಾಡಿದ, ಮನುಷ್ಯನ ಬದಲು ಪ್ರಕೃತಿಯೇ ಆರಿಸುತ್ತದೆ ಎಂದು ತೋರಿಸಿದ ಎಂದು ವಿವರಿಸಿದೆ. ಅಜ್ಜ ಬಹಳ ಹೊತ್ತು ಯೋಚಿಸಿದ. ಆ ಬುದ್ಧಿಯನ್ನೂ ದೇವರೇ ಇಟ್ಟಿರಬೇಕು ಎಂದ.

ಈ ಸಲ ನಾನು ನಗಲಿಲ್ಲ. ಅಜ್ಜ ಪೂರ್ತಿ ಒಪ್ಪಿಲ್ಲ ಎಂದು ಗೊತ್ತು. ಆದರೆ ಮರುದಿನ ಬೆಳಿಗ್ಗೆ ನಾನು ಪುಸ್ತಕ ಹಿಡಿದಾಗ ಮತ್ತೆ ಕಟ್ಟೆಗೆ ಬಂದು ಕೂತ, ಮುಂದಿನ ಪಾಠ ಯಾವುದೆಂದು ಕೇಳಿದ.