ಮಕ್ಕಳ ಕೈಗೆ ಪುಸ್ತಕವಿತ್ತ ಪಂಜೆಯವರು

ಅರಸರ, ಸೇನಾಪತಿಗಳ ಚರಿತ್ರೆಯನ್ನು ನಾವು ಪರೀಕ್ಷೆಗಾಗಿ ಓದುತ್ತೇವೆ. ಪರೀಕ್ಷೆ ಮುಗಿದೊಡನೆ ಮರೆಯುತ್ತೇವೆ. ಆದರೆ ಎಳೆವಯಸ್ಸಿನಲ್ಲಿ ನಾಲಗೆಯ ಮೇಲೆ ಕುಳಿತ ಹಾಡನ್ನು ಮರೆಯುವವರುಂಟೆ? ‘ನಾಗರ ಹಾವೆ’ ಪದ್ಯವನ್ನು ಕೇಳದೆ ಕನ್ನಡ ಶಾಲೆಯನ್ನು ದಾಟಿ ಬಂದವರು ವಿರಳ. ಹಾಡು ಎಲ್ಲರಿಗೂ ಗೊತ್ತು; ಹಾಡಿದವರ ಬದುಕು ಗೊತ್ತಿರುವವರು ಕಡಿಮೆ. ಆದುದರಿಂದ ಪಂಜೆ ಮಂಗೇಶರಾಯರನ್ನು ಕುರಿತು ನಾಲ್ಕು ಮಾತು ಬರೆಯಲು ಹೊರಟಿದ್ದೇನೆ.

ಪಂಜೆಯವರು 1874ರ ಫೆಬ್ರವರಿ 22ರಂದು ದಕ್ಷಿಣ ಕನ್ನಡದ ಬಂಟವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಸಿರಿವಂತ ಮನೆತನವಲ್ಲ. ಮಂಗಳೂರಿನಲ್ಲಿ ಕಷ್ಟಪಟ್ಟು ಓದಿ, ಅಲ್ಲಿಯ ಸರ್ಕಾರಿ ಕಾಲೇಜಿನಲ್ಲಿಯೇ ಕನ್ನಡ ಪಂಡಿತರಾದರು. ಮುಂದೆ ಶಾಲಾ ಇನ್ಸ್‌ಪೆಕ್ಟರರಾದರು. ಕೊಡಗಿಗೆ ಹೋಗಿ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿಯೂ ದುಡಿದರು. ಕೊಡಗಿನವರು ಇಂದಿಗೂ ಅಭಿಮಾನದಿಂದ ಹಾಡುವ ‘ಹುತ್ತರಿ ಹಾಡು’ ಅವರದೇ.

ಇನ್ಸ್‌ಪೆಕ್ಟರರೆಂದರೆ ಆ ಕಾಲದಲ್ಲಿ ಮೇಷ್ಟ್ರಿಗೂ ನಡುಕ, ಮಕ್ಕಳಿಗೂ ನಡುಕ. ಪಂಜೆಯವರಾದರೋ ಶಾಲೆಗೆ ಹೋದರೆ ಮಕ್ಕಳಿಗೆ ಕಥೆ ಹೇಳುವವರು, ಹಾಡಿ ತೋರಿಸುವವರು. ಹಳ್ಳಿಯಿಂದ ಹಳ್ಳಿಗೆ ಕರೆದೊಯ್ಯುವ ಆ ಉದ್ಯೋಗದಲ್ಲಿ ಅವರು ಮಕ್ಕಳ ಕೊರತೆಯನ್ನು ಹತ್ತಿರದಿಂದ ಕಂಡರು. ಆ ಜಿಲ್ಲೆಯ ಮಕ್ಕಳು ಮನೆಯಲ್ಲಿ ಆಡುವುದು ತುಳು, ಕೊಂಕಣಿ, ಬ್ಯಾರಿ ಮುಂತಾದ ನುಡಿಗಳನ್ನು. ಪಂಜೆಯವರ ಮನೆಮಾತೂ ಕೊಂಕಣಿಯೇ. ಅಂಥ ಮಗುವಿಗೆ ಕನ್ನಡ ಸಿಕ್ಕುವುದು ಶಾಲೆಯಲ್ಲಿ. ಪಠ್ಯಪುಸ್ತಕವೇ ಅದರ ಹೆಬ್ಬಾಗಿಲು. ಆ ಬಾಗಿಲಲ್ಲೇ ಒಣ ನೀತಿಬೋಧೆ ಕಾವಲು ಕುಳಿತರೆ ಮಗು ಒಳಗೆ ಬರುವುದಾದರೂ ಹೇಗೆ?

ಬಡವನ ಮನೆಯಲ್ಲಿ ಪಠ್ಯಪುಸ್ತಕದ ಹೊರತು ಬೇರೆ ಪುಸ್ತಕವಿರುವುದಿಲ್ಲ. ಆದ್ದರಿಂದ ರಸವನ್ನು ಪಠ್ಯಪುಸ್ತಕದೊಳಕ್ಕೇ ತುಂಬಬೇಕು. ಪಂಜೆಯವರ ಕೆಲಸದ ಹಿಂದಿನ ವಿವೇಕ ಇದೆಂದು ನನಗೆ ತೋರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಷ್ಟು ಹಿಂದೆಯೇ ಮುದ್ರಣಾಲಯ ಸ್ಥಾಪಿಸಿದ್ದರು. ಅಲ್ಲಿಂದ ಹೊರಬಂದ ಕನ್ನಡ ಪಾಠಪುಸ್ತಕಗಳಿಗೆ ಪಂಜೆಯವರು ಕಥೆ, ಕವಿತೆಗಳನ್ನು ಬರೆದುಕೊಟ್ಟರು. ‘ಕವಿಶಿಷ್ಯ’ ಎಂಬುದು ಅವರು ಇರಿಸಿಕೊಂಡ ಹೆಸರು. ಆ ಹೆಸರಿನಲ್ಲಿಯೇ ಅವರ ವಿನಯವಿದೆ. ‘ಗುಡುಗುಡು ಗುಮ್ಮಟ ದೇವರು’, ‘ಹೇನು ಸತ್ತು ಕಾಗೆ ಬಡವಾಯಿತು’ ಮುಂತಾದ ಕಥೆಗಳಲ್ಲಿ ಮಕ್ಕಳಿಗೆ ಬೇಕಾದ ನಗುವೂ ಇದೆ, ನಡೆಯೂ ಇದೆ. ತುಳುನಾಡಿನ ಪಾಡ್ದನದ ವೀರರನ್ನು ‘ಕೋಟಿ ಚೆನ್ನಯ’ ಎಂಬ ಕೃತಿಯ ಮೂಲಕ ಕನ್ನಡಕ್ಕೆ ತಂದರು. ಪಠ್ಯವೊಂದೇ ಸಾಲದೆಂದು 1921ರಲ್ಲಿ ಗೆಳೆಯರೊಡನೆ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳಿಗಾಗಿ ಪುಸ್ತಕಗಳನ್ನು ಹೊರತಂದರು.

1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು.

ಈ ಚರಿತ್ರೆ ನನ್ನ ಮನಸ್ಸನ್ನು ತಟ್ಟಲು ಕಾರಣವಿದೆ. ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದ್ದು ನಾನೇ ಮೊದಲು. ನಾನು ಓದಿದ ಮಾಧ್ಯಮಿಕ ಶಾಲೆಯಲ್ಲಿ ಪುಸ್ತಕಗಳಿದ್ದವು. ಆದರೆ ಬೀರುವಿನೊಳಗೆ, ಬೀಗದ ಹಿಂದೆ. ಹರಿದರೆ ಲೆಕ್ಕ ಕೊಡಬೇಕಾದೀತೆಂದು ಅವನ್ನು ಯಾರೂ ಹೊರತೆಗೆಯುತ್ತಿರಲಿಲ್ಲ. ನಮ್ಮ ಕೈಗೆ ಬಂದ ಕಥೆಯೆಂದರೆ ಪಠ್ಯಪುಸ್ತಕದ ಕಥೆ ಮಾತ್ರ. ಜೂನ್ ತಿಂಗಳಲ್ಲಿ ಪುಸ್ತಕ ಕೊಟ್ಟ ವಾರದೊಳಗೆ ಅದರ ಕಥೆಗಳನ್ನೆಲ್ಲ ಓದಿ ಮುಗಿಸಿ, ಮುಂದಿನ ಜೂನ್‌ವರೆಗೆ ಮತ್ತೆ ಮತ್ತೆ ಅವನ್ನೇ ಓದುತ್ತಿದ್ದೆವು. ಹಸಿವಿಲ್ಲದ ಮಕ್ಕಳೆಂದು ನಮ್ಮನ್ನು ಹೇಗೆ ಕರೆಯಲಾದೀತು?

ಹಳ್ಳಿಯ ಮಕ್ಕಳಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ಹೇಳುವವರನ್ನು ನಾನು ಕೇಳಿದ್ದೇನೆ. ಪಂಜೆಯವರು ಹಾಗೆ ಭಾವಿಸಲಿಲ್ಲ. ಮಗು ಓದದಿದ್ದರೆ ಮಗುವನ್ನು ಗದರಿಸದೆ, ಅದು ಓದುವಂಥದನ್ನು ತಾವೇ ಕುಳಿತು ಬರೆದರು. ನಮ್ಮ ತರಗತಿಯ ಗೆಳೆಯ ಗೆಳತಿಯರಲ್ಲಿ ಎಷ್ಟೋ ಮಂದಿ ಇನ್ನು ಕೆಲವು ವರ್ಷಗಳಲ್ಲಿ ಶಾಲೆಯ ಮೇಷ್ಟ್ರಾಗುವವರೇ. ಎಲ್ಲರೂ ಪಂಜೆಯವರಂತೆ ಬರೆಯಲಾರೆವು, ನಿಜ. ಆದರೆ ಬೀರುವಿನ ಬೀಗ ತೆಗೆಯಲು ಕವಿಯಾಗಬೇಕಾಗಿಲ್ಲ. ವಾರಕ್ಕೊಂದು ದಿನ ಪುಸ್ತಕಗಳನ್ನು ಮಕ್ಕಳ ಮುಂದೆ ಹರಡಿ, ಒಂದು ಕಥೆಯನ್ನು ಅರ್ಧ ಓದಿ ನಿಲ್ಲಿಸಿದರೆ ಸಾಕು. ಉಳಿದರ್ಧವನ್ನು ಅವರೇ ಓದಿಕೊಳ್ಳುತ್ತಾರೆ. ಪುಸ್ತಕ ಹರಿದರೆ ಹರಿಯಲಿ. ಓದಿ ಹರಿದ ಪುಸ್ತಕದಿಂದ ಯಾವ ಶಾಲೆಗೂ ನಷ್ಟವಿಲ್ಲ.